ಹೆಸರಿನ ಮುಂದಿನ ಓ

ಗವರ್ನರ್ ಸತ್ತ ಮೂರನೆಯ ದಿನ
ಅವನ ಸೊತ್ತಿನ ಪಟ್ಟಿ ಬರೆಯಲು ಕೂತವನು ನಾನು,
ಹಸಿಂತೊ ಬರ್ರಾಗಾನ್, ಗುಮಾಸ್ತ,
ಕುಮಾನಾದವನು. ಅಪ್ಪ ಯಾರೆಂದು ಕೇಳಬೇಡಿ.

ಕೆಂಪು ಕೋಟು ಒಂದು, ಕಂಕುಳಲ್ಲಿ ಹರಿದದ್ದು.
ಟೊಪ್ಪಿಗೂದಲು ಎರಡು; ಒಂದರಲ್ಲಿ ಜಿರಲೆ ಸಂಸಾರ ಹೂಡಿದೆ.
ಬೆಳ್ಳಿ ಚಮಚ ಐದು.
ಆರನೆಯದು ಅಡಿಗೆಯವಳ ಲಂಗದ ಮಡಿಕೆಯಲ್ಲಿದೆ.
ಗೊತ್ತು. ಬರೆಯಲಿಲ್ಲ.

ಹೆಸರಿನ ಹತ್ತಿರ ಲೇಖನಿ ನಿಂತಿತು.
ಅರಸನ ಮೊಹರಿನ ಕೆಳಗೆ ದೊನ್ ತದೇಯೊ ಒಮುರಿಯಾನ್,
ಕಾದಿಸ್‌ನ ಕಾಗದದಲ್ಲಿ ಬರೀ ಮುರಿಯಾನ್,
ಒರಾನ್ ದಂಡಿನ ಸಂಬಳದ ಲೆಕ್ಕದಲ್ಲಿ ಮೋರೆನೊ.
ಒಮ್ಮೆ ಅವನೇ, ರಮ್ಮಿನ ಮೂರನೆಯ ಲೋಟಕ್ಕೆ,
ಟೈಗ್ ಓ ಮುಲ್ರೂನಿ ಅಂದ,
ನಾಲಗೆ ಮನೆಗೆ ಹೋಗಿ ಬಂದ ಹಾಗೆ.

ಓ ಅಂದರೆ ಮೊಮ್ಮಗ ಕಣೋ.
ನಮ್ಮಲ್ಲಿ ಯಾರ ಮೊಮ್ಮಗ ಅಂತ ಮೊದಲು,
ನೀನು ಆಮೇಲೆ.
ತಲೆಯಾಡಿಸಿದೆ. ಅವನು ಬರೆದು ತೋರಿಸಿದ ಆ ದುಂಡು ಗುರುತಿಗೆ
ನನ್ನ ಲೆಕ್ಕದ ಪುಸ್ತಕದಲ್ಲಿ ಬೇರೆ ಅರ್ಥ.

ಬಂದ ವರ್ಷ, ಒರಿನೋಕೊ ಇಳಿದಾಗ,
ದಂಡೆಯ ಕಪ್ಪು ಕೆಸರನ್ನು ಬೆರಳಲ್ಲಿ ತೆಗೆದು ಮೂಸಿದ.
ಇಟ್ಟಿಗೆಯಂತೆ ಕೊಯ್ಯಿರಿ, ಒಣಗಿಸಿ, ಒಲೆಗೆ ಹಾಕಿ:
ಆಜ್ಞೆ. ಹನ್ನೊಂದು ಸಿಪಾಯಿಗಳು ವಾರವಿಡೀ ಕೊಯ್ದರು.
ಉರಿಯಲಿಲ್ಲ, ಹೊಗೆಯಾಡಿತು.
ವರಾವ್ ಹೆಂಗಸರು ದೋಣಿ ನಿಲ್ಲಿಸಿ ನಕ್ಕರು,
ನೆಲವನ್ನೇ ಸುಡುವ ಗಂಡಸನ್ನು ಕಂಡದ್ದು ಅದೇ ಮೊದಲು.
ಅವನು ಹೊಗೆಯ ನಡುವೆ ನಿಂತೇ ಇದ್ದ.
ಕಣ್ಣಲ್ಲಿ ನೀರು. ಹೊಗೆಗೆ ಯಾರ ಕಣ್ಣಲ್ಲಾದರೂ ಬರುತ್ತದೆ.

ಏಳು ವರ್ಷವಂತೆ ಅವನಿಗೆ,
ಇಂಗ್ಲಿಷರ ಅಮೀನ ಬಂದು ಮನೆಯ ಮಾಡು ಎಳೆಸಿದಾಗ.
ಅಜ್ಜಿ ಬಾಗಿಲ ಕಂಬ ತಬ್ಬಿಕೊಂಡಳು.
ಅಜ್ಜಿಯ ಸಮೇತ ಕಿತ್ತರು ಕಂಬವನ್ನು.
ಇದನ್ನು ಹೇಳಿದ್ದು ನಾಲ್ಕನೆಯ ಲೋಟಕ್ಕೆ;
ಐದನೆಯದಕ್ಕೆ, ಹಾಗೇನೂ ಆಗಿರಲಿಲ್ಲ ಅಂದ.

ಆಮೇಲೆ ಕೋಟೆಯ ಮಾತು.
ಇಂಗ್ಲಿಷರ ಹಡಗು ತಡೆಯಲು ಕೋಟೆ,
ಕೋಟೆಗೆ ಜಾಗ,
ಜಾಗದಲ್ಲಿ ನಲವತ್ತು ಗುಡಿಸಲು,
ನೀರಲ್ಲಿ ಊರಿದ ಕಂಬಗಳ ಮೇಲೆ.
ಅವನು ಹೇಳುತ್ತಾ ಹೋದ, ನಾನು ಬರೆಯುತ್ತಾ.
ತೆರವು ಎಂಬ ಪದ ಬಂದಾಗ ನೀರು ಕೇಳಿದ.
ಕೊಟ್ಟೆ. ಹುಳವಿದೆ ಅಂದ. ಇರಲಿಲ್ಲ.
ಬೇರೆ ಲೋಟ ತಂದೆ. ಕುಡಿದ.
ಎಲ್ಲಿಗೆ ಬಂದಿದ್ದೆವು, ಅಂದ.
ತೆರವು, ಅಂದೆ ನಾನು.
ನನ್ನ ಬಾಯಿಂದಲೇ ಬರಲಿ ಅಂತ ಇತ್ತೋ ಏನೋ.

ಸಹಿ ಹಾಕಿದ. ಊರಿಗೆ ಹೊಸ ಹೆಸರು, ಸಾಂತಾ ಬ್ರಿಹಿದಾ:
ಅವಳು ನಮ್ಮ ಕಡೆಯವಳು, ಹಾಲು ಬೆಣ್ಣೆಯ ತಾಯಿ.
ಇಲ್ಲಿ ಹಸುವೇ ಇಲ್ಲ ಸ್ವಾಮಿ, ಅನ್ನಲಿಲ್ಲ ನಾನು.
ಕಂಬ ಕೀಳಲು ಹೋದವರು ಸಂಜೆಗೆ ಸೋತು ಬಂದರು.
ಹಳೆಯ ಮರ, ಕೆಸರು ಬಿಟ್ಟುಕೊಡಲಿಲ್ಲ.
ಮೇಲಿದ್ದವರು ಮಾತ್ರ ಹೋಗಿದ್ದರು.

ಜ್ವರದ ಕೊನೆಯ ರಾತ್ರಿ
ಹೊಳೆಯಾಚೆ ಯಾವಳೋ ತನ್ನ ಹುಡುಗನನ್ನು ಕೂಗಿದಳು.
ಹೆಸರು ನನಗೂ ತಿಳಿಯಲಿಲ್ಲ.
ಗವರ್ನರ್ ಹಾಸಿಗೆಯಲ್ಲಿ ಎದ್ದು ಕೂತು
ಓ
ಅಂದ. ಜೋರಾಗಿ, ಏಳು ವರ್ಷದ ಗಂಟಲಲ್ಲಿ.
ಆಚೆ ದಡದಲ್ಲಿ ಕೂಗು ಕಚ್ಚಿಕೊಂಡಿತು.
ದೀಪ ಇತ್ತು, ಅದನ್ನೂ ಆರಿಸಿದಳು.

ಮುಂದಿನ ಸಾಲು: ದಿಂಬಿನ ಕೆಳಗೆ ಸಿಕ್ಕ ಒಣಮಣ್ಣಿನ ಹೆಂಟೆ,
ಒಂದು ಮೂಲೆ ಸುಟ್ಟದ್ದು.
ಬೆಲೆಯ ಕಡೆ ದುಂಡಗೆ ಒಂದು ಬರೆದಿದ್ದೇನೆ.
ಸೊನ್ನೆಯೋ, ಅವನ ಹೆಸರಿನದೋ,
ವಾರಸುದಾರರು ಬಂದರೆ ಓದಿಕೊಳ್ಳಲಿ.

ಬಂದಿಲ್ಲ. ಐದು ಚಮಚ ಹರಾಜಿಗೆ ಹೋದವು.
ಅಡಿಗೆಮನೆಯ ಮೆಟ್ಟಿಲಲ್ಲಿ, ಬೆನ್ನು ಕೋಟೆಯ ಕಡೆ,
ಅಡಿಗೆಯವಳು ಮೊಮ್ಮಗನಿಗೆ ಗಂಜಿ ಕುಡಿಸುತ್ತಿದ್ದಾಳೆ,
ನಿಧಾನ, ಆರನೆಯದರಲ್ಲಿ.